ಹಾಲು ಚೆನ್ನಾಗಿ ಕುದಿಸಿದರೆ ಅದರಲ್ಲಿರುವ ಆಂಟಿಬಯೋಟಿಕ್ ಹೋಗುತ್ತದೆಯೇ?

"ಹಸುವಿಗೆ ಕೊಟ್ಟ ಇಂಜೆಕ್ಷನ್ ಹಾಲಿಗೂ ಬರುತ್ತದೆ, ಆದರೆ ಎರಡು ಮೂರು ಸಲ ಉಕ್ಕಿಸಿದರೆ ಎಲ್ಲ ನಾಶವಾಗುತ್ತದೆ" ಎಂದು ಹಲವರು ನಂಬಿದ್ದಾರೆ. ಇದರಲ್ಲಿ ಮೊದಲರ್ಧ ನಿಜ, ಎರಡನೆಯದು ತಪ್ಪು. ಏಕೆಂದು ನೋಡೋಣ.

ಹಾಲಿಗೆ ಹೇಗೆ ಬರುತ್ತದೆ?
ಕೆಚ್ಚಲು ಬಾವು ಬಂದ ಹಸುವಿಗೆ ಪಶುವೈದ್ಯರು ಆಂಟಿಬಯೋಟಿಕ್ ಕೊಡುತ್ತಾರೆ. ಅದರ ಒಂದಂಶ ಕೆಲವು ದಿನಗಳವರೆಗೆ ಹಾಲಿನಲ್ಲಿ ಹೊರಬರುತ್ತದೆ.

ಬಿಸಿ ಮಾಡಿದಾಗ ಏನಾಗುತ್ತದೆ?
ಕುದಿಸಿದರೆ ಕ್ಷಯ, ಬ್ರುಸೆಲ್ಲೋಸಿಸ್‌ನಂಥ ರೋಗ ತರುವ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಆದರೆ ಆಂಟಿಬಯೋಟಿಕ್ ಜೀವಿಯಲ್ಲ, ರಾಸಾಯನಿಕ. ಅದು ಸಾಯುವುದಿಲ್ಲ, ಒಡೆಯಬೇಕು. ಎಷ್ಟು ಒಡೆಯುತ್ತದೆ ಎಂಬುದು ಔಷಧ ಯಾವುದು, ಶಾಖ ಎಷ್ಟು, ಎಷ್ಟು ಹೊತ್ತು ಎಂಬುದರ ಮೇಲೆ ನಿಂತಿದೆ.

• ಪೆನಿಸಿಲಿನ್: ಇದರ ಅಣುವಿನಲ್ಲಿರುವ ಬೀಟಾ-ಲ್ಯಾಕ್ಟಮ್ ಎಂಬ ಉಂಗುರ ಶಾಖಕ್ಕೆ ನಿಧಾನವಾಗಿ ಒಡೆಯುತ್ತದೆ. ಉಕ್ಕಿದ ಕೂಡಲೇ ಒಲೆ ಆರಿಸಿದರೆ ಹೆಚ್ಚಿನ ಪಾಲು ಹಾಗೇ ಉಳಿಯುತ್ತದೆ.
• ಟೆಟ್ರಾಸೈಕ್ಲಿನ್ ಗುಂಪು: ಹೊತ್ತು ಹೆಚ್ಚಿದಂತೆ ಹೆಚ್ಚು ಒಡೆಯುತ್ತದೆ.
• ಎನ್ರೋಫ್ಲಾಕ್ಸಾಸಿನ್ ಮತ್ತು ಸಲ್ಫಾ ಔಷಧಗಳು: ಅಡುಗೆಮನೆಯ ಕುದಿತಕ್ಕೆ ಬಹುಮಟ್ಟಿಗೆ ಜಗ್ಗುವುದಿಲ್ಲ.

ಪ್ಯಾಕೆಟ್ ಹಾಲಿಗೆ ಮಾಡುವ ಪಾಶ್ಚರೀಕರಣದಲ್ಲಿ ಹಾಲನ್ನು ಸಾಮಾನ್ಯವಾಗಿ 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಇಡುತ್ತಾರೆ. ಅಷ್ಟರಿಂದ ಈ ಔಷಧಗಳು ತೀರಾ ಕಡಿಮೆ ಒಡೆಯುತ್ತವೆ.

ಒಡೆದರೆ ಅಪಾಯ ಮುಗಿಯಿತೇ?
ಯಾವಾಗಲೂ ಇಲ್ಲ. ಪೆನಿಸಿಲಿನ್ ಒಡೆದು ಉಂಟಾಗುವ ತುಣುಕುಗಳು ಪ್ರೋಟೀನ್‌ಗೆ ಅಂಟಿಕೊಂಡು ಅಲರ್ಜಿಗೆ ಕಾರಣವಾಗಬಲ್ಲವು. ಒಡೆಯದೆ ಉಳಿದದ್ದು ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯಲು ದಾರಿ ಮಾಡಿಕೊಡಬಹುದು. ಅದಕ್ಕೇ ಕೋಡೆಕ್ಸ್ ಅಂತರರಾಷ್ಟ್ರೀಯ ಮಾನದಂಡವು ಒಂದು ಲೀಟರ್ ಹಾಲಿಗೆ ಬೆಂಜೈಲ್‌ಪೆನಿಸಿಲಿನ್‌ನ ಮಿತಿಯನ್ನು 4 ಮೈಕ್ರೋಗ್ರಾಂಗೆ ಇಟ್ಟಿದೆ.

ಹೆಪ್ಪು ಕೂರದಿದ್ದರೆ?
ಮೊಸರು ಮಾಡುವ ಬ್ಯಾಕ್ಟೀರಿಯಾಗಳಿಗೂ ಆಂಟಿಬಯೋಟಿಕ್ ಮಾರಕ. ಕಾಯಿಸಿದ ಹಾಲಿನಲ್ಲೂ ಅದು ಉಳಿದಿದ್ದರೆ ಹೆಪ್ಪು ಕೂರದೆ ಹೋಗಬಹುದು. ಆದರೆ ಚಳಿ, ಹಳೆಯ ಹೆಪ್ಪು ಕೂಡ ಕಾರಣವಾಗಿರಬಹುದು. ಇದನ್ನೇ ಪರೀಕ್ಷೆ ಎಂದುಕೊಳ್ಳಬೇಡಿ.

ಹಾಗಾದರೆ ಪರಿಹಾರ?
ಅದು ಒಲೆಯ ಮೇಲಿಲ್ಲ, ಕೊಟ್ಟಿಗೆಯಲ್ಲಿದೆ. ಪ್ರತಿ ಔಷಧಕ್ಕೂ ಹಾಲು ಮಾರಬಾರದ ಅವಧಿಯೊಂದಿರುತ್ತದೆ. ಅಷ್ಟು ದಿನ ಆ ಹಸುವಿನ ಹಾಲನ್ನು ಡೇರಿಗೂ ಹಾಕಬಾರದು, ಮನೆಯಲ್ಲೂ ಬಳಸಬಾರದು. ಹಸು ಸಾಕಿದವರು ಪಶುವೈದ್ಯರನ್ನು ಕೇಳಬೇಕಾದ ಪ್ರಶ್ನೆ ಒಂದೇ: "ಎಷ್ಟು ದಿನ ಹಾಲು ಬಿಡಬೇಕು?"

ನಮ್ಮ ತೀರ್ಮಾನ: ಕುದಿಸಿದರೆ ಆಂಟಿಬಯೋಟಿಕ್ ಪೂರ್ತಿ ಹೋಗುತ್ತದೆ ಎಂಬುದು ತಪ್ಪು. ಹಾಗೆಂದು ಕುದಿಸುವುದನ್ನು ಬಿಡಬೇಡಿ. ಹಸಿ ಹಾಲಿನ ರೋಗಾಣುಗಳಿಂದ ಪಾರಾಗಲು ಕುದಿಸುವುದು ಬೇಕೇ ಬೇಕು.