ಲ್ಯಾಚಿಂಗ್ ಸ್ವಿಚ್ ಸರ್ಕ್ಯೂಟ್

ಲ್ಯಾಚಿಂಗ್ ಸ್ವಿಚ್ ಸರ್ಕ್ಯೂಟ್ : ಗುಂಡಿಯನ್ನು ಒಮ್ಮೆ ಒತ್ತಿ ಬಿಟ್ಟ ಮೇಲೂ ತನ್ನ ಸ್ಥಿತಿಯನ್ನು ಹಿಡಿದಿಟ್ಟುಕೊಂಡು, ಮತ್ತೊಂದು ಸಂಕೇತ ಬರುವವರೆಗೆ ಬದಲಾಗದ ವಿದ್ಯುತ್ ಮಂಡಲ. ರಿಲೇ, ಲಾಜಿಕ್ ಗೇಟ್ ಅಥವಾ ಫ್ಲಿಪ್‌ಫ್ಲಾಪ್ ಬಳಸಿ ಇದನ್ನು ಕಟ್ಟಬಹುದು. ಇದರ ವಿನ್ಯಾಸದಲ್ಲಿ ಮೊದಲು ತೀರ್ಮಾನವಾಗಬೇಕಾದ ಪ್ರಶ್ನೆ ಒಂದೇ: ಕರೆಂಟು ಹೋಗಿ ಬಂದಾಗ ಮಂಡಲ ಯಾವ ಸ್ಥಿತಿಯಲ್ಲಿರಬೇಕು?

ಪಂಪ್‌ಸೆಟ್ ಸ್ಟಾರ್ಟರ್: ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ರೈತರಿಗೆ ಈ ಮಂಡಲ ಹೊಸದಲ್ಲ. ಎಂ.ಕೆ. ಹುಬ್ಬಳ್ಳಿ, ನವಿಲುತೀರ್ಥ, ರಾಮದುರ್ಗಗಳ ಮೂಲಕ ಹರಿಯುವ ಮಲಪ್ರಭೆಯ ದಂಡೆಯಲ್ಲೂ ದೂರದ ಬೋರ್‌ವೆಲ್‌ಗಳಲ್ಲೂ ಮೋಟರು ನಡೆಸುವ ಸ್ಟಾರ್ಟರ್ ಪೆಟ್ಟಿಗೆಯೊಳಗೆ ಇರುವುದು ಇದೇ. ಹಸಿರು ಗುಂಡಿ ಒತ್ತಿದಾಗ ಕಾಂಟ್ಯಾಕ್ಟರ್‌ನ ಕಾಯಿಲ್‌ಗೆ ವಿದ್ಯುತ್ ಹರಿದು ಸಂಪರ್ಕಗಳು ಕೂಡುತ್ತವೆ. ಅವುಗಳಲ್ಲಿ ಒಂದು ಸಣ್ಣ ಸಂಪರ್ಕವನ್ನು ಹಸಿರು ಗುಂಡಿಗೆ ಸಮಾಂತರವಾಗಿ ಜೋಡಿಸಿರುವುದರಿಂದ, ಬೆರಳು ತೆಗೆದರೂ ಕಾಯಿಲ್ ತನಗೆ ತಾನೇ ವಿದ್ಯುತ್ ಒದಗಿಸಿಕೊಳ್ಳುತ್ತದೆ. ಕೆಂಪು ಗುಂಡಿ ಮತ್ತು ಓವರ್‌ಲೋಡ್ ರಿಲೇ ಇದೇ ದಾರಿಯಲ್ಲಿ ಸರಣಿಯಾಗಿವೆ. ಯಾವುದು ಬಿಟ್ಟುಕೊಂಡರೂ ಹಿಡಿತ ಕಳಚುತ್ತದೆ. ಕರೆಂಟು ಹೋದಾಗಲೂ ಹಿಡಿತ ಬಿಡುತ್ತದೆ. ಮತ್ತೆ ಕರೆಂಟು ಬಂದರೆ ಮೋಟರು ತಾನಾಗಿ ತಿರುಗುವುದಿಲ್ಲ. ಪಂಪಿಗೆ ಕೈ ಹಾಕಿ ದುರಸ್ತಿ ಮಾಡುತ್ತಿರುವವರ ಜೀವ ಉಳಿಸುವ ಗುಣವಿದು.

ಎಸ್‌ಆರ್ ಲ್ಯಾಚ್: ಹಿಡಿದಿಡುವ ಈ ಕೆಲಸವನ್ನು ಚಲಿಸುವ ಭಾಗಗಳಿಲ್ಲದೆ ಮಾಡುವ ಮಂಡಲಕ್ಕೆ 1918ರಲ್ಲಿ ಬ್ರಿಟನ್ನಿನ ವಿಲಿಯಂ ಎಕಲ್ಸ್ ಮತ್ತು ಎಫ್.ಡಬ್ಲ್ಯೂ. ಜೋರ್ಡನ್ ಪೇಟೆಂಟ್ ಅರ್ಜಿ ಸಲ್ಲಿಸಿದರು. ಅವರು ಬಳಸಿದ್ದು ಎರಡು ವ್ಯಾಕ್ಯೂಮ್ ಟ್ಯೂಬ್. ಈಗ ಅದೇ ಕೆಲಸಕ್ಕೆ ಎರಡು ನಾರ್ ಗೇಟ್ ಸಾಕು. ಒಂದರ ಔಟ್‌ಪುಟ್ಟನ್ನು ಇನ್ನೊಂದರ ಇನ್‌ಪುಟ್ಟಿಗೆ ಅಡ್ಡಡ್ಡ ಜೋಡಿಸಿದರೆ ಎಸ್ (ಸೆಟ್), ಆರ್ (ರಿಸೆಟ್) ಎಂಬ ಎರಡು ಇನ್‌ಪುಟ್ ಉಳಿಯುತ್ತವೆ. ಎಸ್ 1 ಆದರೆ ಔಟ್‌ಪುಟ್ ಕ್ಯೂ 1 ಆಗುತ್ತದೆ. ಆರ್ 1 ಆದರೆ ಕ್ಯೂ 0 ಆಗುತ್ತದೆ. ಎರಡೂ 0 ಇದ್ದರೆ ಹಿಂದಿನ ಸ್ಥಿತಿಯೇ ನಿಲ್ಲುತ್ತದೆ. ಎರಡೂ 1 ಆಗುವುದನ್ನು ಪಠ್ಯಪುಸ್ತಕಗಳು ನಿಷಿದ್ಧ ಸ್ಥಿತಿ ಎನ್ನುತ್ತವೆ. ನ್ಯಾಂಡ್ ಗೇಟ್‌ಗಳಿಂದಲೂ ಲ್ಯಾಚ್ ಕಟ್ಟಬಹುದು. ಆದರೆ ಅದರ ಇನ್‌ಪುಟ್‌ಗಳು 0 ಆದಾಗ ಕೆಲಸ ಮಾಡುತ್ತವೆ.

ನೀರಿನ ಮಟ್ಟಕ್ಕೆ ಬಳಕೆ: ಬಾವಿ ಬರಿದಾದ ಮೇಲೂ ಮೋಟರು ಓಡಿದರೆ ಸುಡುತ್ತದೆ. ಇದನ್ನು ತಪ್ಪಿಸಲು ಬಾವಿಯಲ್ಲಿ ಎರಡು ಕಡ್ಡಿಗಳನ್ನು ಬೇರೆ ಬೇರೆ ಎತ್ತರದಲ್ಲಿ ಇಳಿಬಿಡಬೇಕು. ಕೆಳಗಿನದು ಪಂಪಿಗಿಂತ ಮೇಲಿರಬೇಕು. ಮೇಲಿನ ಕಡ್ಡಿ ನೀರು ಮುಟ್ಟಿದರೆ ಎಸ್ 1. ಕೆಳಗಿನ ಕಡ್ಡಿಗೆ ನೀರು ತಪ್ಪಿದರೆ ಆರ್ 1. ನೀರು ಎರಡರ ನಡುವೆ ಇರುವಾಗ ಲ್ಯಾಚ್ ಹಿಂದಿನ ಸ್ಥಿತಿಯನ್ನೇ ಹಿಡಿದಿರುವುದರಿಂದ, ನೀರು ಅಲುಗಿದಾಗಲೆಲ್ಲ ಮೋಟರು ಹೊತ್ತಿ ಆರುವ ಕಾಟ ಇರುವುದಿಲ್ಲ. ನಾಲ್ಕು ನಾರ್ ಗೇಟ್ ಇರುವ ಸಿಡಿ4001 ಐಸಿಯಲ್ಲಿ ಮೂರೇ ಗೇಟ್ ಬೇಕು: ಎರಡು ಲ್ಯಾಚಿಗೆ, ಒಂದು ಕೆಳಗಿನ ಕಡ್ಡಿಯ ಸಂಕೇತವನ್ನು ತಿರುವುಮುರುವು ಮಾಡಲು. ಕಡ್ಡಿಗಳಿಗೆ ಡಿಸಿ ಹರಿಸಿದರೆ ಅವು ಸವೆಯುತ್ತವೆ. ಆದ್ದರಿಂದ ಕಡಿಮೆ ವೋಲ್ಟೇಜಿನ ಎಸಿ ಬಳಸಿ, ಗೇಟಿಗೆ ಕೊಡುವ ಮುನ್ನ ಡಿಸಿಗೆ ಬದಲಿಸುವುದು ಒಳ್ಳೆಯದು.

ಇಲ್ಲಿ ನಾರ್ ಗೇಟನ್ನೇ ಆರಿಸುವುದಕ್ಕೆ ಬಲವಾದ ಕಾರಣವಿದೆ. ಬಾವಿ ತುಂಬಿರುವಾಗ ಕೆಳಗಿನ ಕಡ್ಡಿಯ ತಂತಿ ತುಂಡಾದರೆ ಎಸ್, ಆರ್ ಎರಡೂ 1 ಆಗುತ್ತವೆ. ಆಗ ನಾರ್ ಲ್ಯಾಚಿನ ಕ್ಯೂ 0 ಆಗಿ ಮೋಟರು ನಿಲ್ಲುತ್ತದೆ. ನ್ಯಾಂಡ್ ಲ್ಯಾಚಿನಲ್ಲಿ ಇಂಥದೇ ಸ್ಥಿತಿ ಬಂದರೆ ಕ್ಯೂ 1 ಆಗಿ ಮೋಟರು ಓಡುತ್ತಲೇ ಇರುತ್ತದೆ. ನಿಷಿದ್ಧ ಸ್ಥಿತಿ ಎಂದಾದರೂ ಬಂದೇ ಬರುತ್ತದೆಂದು ಎಣಿಸಿ, ಅದು ಬಂದಾಗ ಹಾನಿಯಾಗದಂತೆ ಗೇಟ್ ಆರಿಸುವುದೇ ಒಳ್ಳೆಯ ವಿನ್ಯಾಸ.

ಒಂದೇ ಗುಂಡಿಯ ಲ್ಯಾಚ್: ಒತ್ತಿದರೆ ಚಾಲು, ಮತ್ತೆ ಒತ್ತಿದರೆ ಬಂದ್ ಆಗಬೇಕಾದರೆ ಡಿ ಫ್ಲಿಪ್‌ಫ್ಲಾಪ್ ಬೇಕು. ಸಿಡಿ4013 ಐಸಿಯಲ್ಲಿ ಇಂಥ ಎರಡು ಇವೆ. ಕ್ಯೂಗೆ ವಿರುದ್ಧವಾದ ಔಟ್‌ಪುಟ್ಟನ್ನು (2ನೇ ಪಿನ್) ಡಿ ಇನ್‌ಪುಟ್ಟಿಗೆ (5ನೇ ಪಿನ್) ಜೋಡಿಸಿದರೆ, 3ನೇ ಪಿನ್ನಿನ ಕ್ಲಾಕ್ ಸಂಕೇತ ಪ್ರತಿಸಲ 0ಯಿಂದ 1ಕ್ಕೆ ಏರಿದಾಗ ಸ್ಥಿತಿ ಬದಲಾಗುತ್ತದೆ. ಒಂದು ತೊಡಕೆಂದರೆ, ಗುಂಡಿಯ ಲೋಹದ ಸಂಪರ್ಕ ಕೂಡುವಾಗ ಕೆಲವು ಮಿಲಿಸೆಕೆಂಡ್ ಅದುರುತ್ತದೆ. ಒಂದು ಒತ್ತು ಹಲವು ಒತ್ತುಗಳಾಗಿ ಲೆಕ್ಕಕ್ಕೆ ಬರುತ್ತದೆ. 100 ಕಿಲೋಓಮ್ ರೆಸಿಸ್ಟರ್, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿದರೆ 10 ಮಿಲಿಸೆಕೆಂಡಿನ ತಡೆ ಸಿಗುತ್ತದೆ. ಅದರ ಮುಂದೆ ಸಿಡಿ4093ರಂಥ ಸ್ಮಿಟ್ ಟ್ರಿಗರ್ ಗೇಟ್ ಇಟ್ಟರೆ ಅದುರು ಕ್ಲಾಕಿಗೆ ತಲುಪುವುದಿಲ್ಲ.

ಕರೆಂಟು ಮರಳಿದಾಗ: ಫ್ಲಿಪ್‌ಫ್ಲಾಪ್‌ಗೆ ವಿದ್ಯುತ್ ಬಂದ ಗಳಿಗೆಯಲ್ಲಿ ಕ್ಯೂ 0 ಇರುತ್ತದೋ 1 ಇರುತ್ತದೋ ಹೇಳಲಾಗದು. ಸ್ಟಾರ್ಟರ್‌ನ ಕಾಯಿಲ್ ಸಹಜವಾಗಿ ಮರೆಯುವುದನ್ನು ಇಲ್ಲಿ ವಿನ್ಯಾಸಕಾರನೇ ಕಲಿಸಬೇಕು. ಸಿಡಿ4013ರ ರಿಸೆಟ್ ಪಿನ್ನಿಗೆ (4ನೇ ಪಿನ್) ಧನ ತುದಿಯಿಂದ ಕೆಪಾಸಿಟರ್, ನೆಲಕ್ಕೆ ರೆಸಿಸ್ಟರ್ ಜೋಡಿಸಿದರೆ, ವಿದ್ಯುತ್ ಬಂದ ಕೂಡಲೇ ಸಣ್ಣ ರಿಸೆಟ್ ಸಂಕೇತ ಹುಟ್ಟಿ ಕ್ಯೂ 0 ಆಗುತ್ತದೆ.

ವಿದ್ಯುತ್ ಕಂಪನಿ ಹೆಸ್ಕಾಂನ ವ್ಯಾಪ್ತಿಯಲ್ಲಿರುವ, ಮೇಲೆ ಹೇಳಿದ ತಾಲ್ಲೂಕುಗಳಲ್ಲಿ ಹೊಲದ ತ್ರೀಫೇಸ್ ಕರೆಂಟು ಪಾಳಿಯಲ್ಲಿ ಬರುತ್ತದೆ. ರಾತ್ರಿ ಪಾಳಿಯೂ ಇರುತ್ತದೆ. ಕತ್ತಲಲ್ಲಿ ಹೊಲಕ್ಕೆ ಹೋಗುವುದನ್ನು ತಪ್ಪಿಸಲು ರೈತರು ಕರೆಂಟು ಬಂದ ಕೂಡಲೇ ಮೋಟರನ್ನು ತಾನಾಗಿ ಚಾಲು ಮಾಡುವ ಆಟೋ ಸ್ಟಾರ್ಟರ್ ಹಾಕಿಸುತ್ತಾರೆ. ಆ ಬೇಡಿಕೆ ನ್ಯಾಯವಾದದ್ದೇ. ಆದರೆ ಒಂದು ಟಿಸಿಗೆ (ಟ್ರಾನ್ಸ್‌ಫಾರ್ಮರಿಗೆ) ಸೇರಿದ ಪಂಪುಗಳೆಲ್ಲ ಒಂದೇ ಗಳಿಗೆಗೆ ಎದ್ದರೆ, ಓಡುವಾಗಿನ ಕರೆಂಟಿನ ಹಲವು ಪಟ್ಟು ಎಳೆದು ಟಿಸಿಯ ಮೇಲೆ ಭಾರ ಬೀಳುತ್ತದೆ. ಪ್ರತಿ ಪೆಟ್ಟಿಗೆಯಲ್ಲೂ ಬೇರೆ ಬೇರೆ ಅವಧಿಯ ತಡೆ ಇಡುವುದು ಇದಕ್ಕೆ ಪರಿಹಾರ. 1 ಮೆಗಾಓಮ್, 10 ಮೈಕ್ರೋಫ್ಯಾರಡ್ ಜೋಡಿ ಸುಮಾರು 7 ಸೆಕೆಂಡ್ ಕಾಯಿಸುತ್ತದೆ. ರೆಸಿಸ್ಟರ್ ಹೆಚ್ಚಿಸಿದಷ್ಟೂ ಕಾಯುವ ಹೊತ್ತು ಹೆಚ್ಚುತ್ತದೆ.

ಹೊರಜೋಡಣೆ: ಐಸಿಯ ಔಟ್‌ಪುಟ್ ಕೆಲವೇ ಮಿಲಿಆಂಪಿಯರ್ ಕೊಡಬಲ್ಲದು. 12 ವೋಲ್ಟ್ ರಿಲೇ ಎಳೆಯಲು ಬಿಸಿ547 ಟ್ರಾನ್ಸಿಸ್ಟರ್ ಬೇಕು. ಕಾಯಿಲ್‌ಗೆ ಅಡ್ಡಲಾಗಿ 1ಎನ್4007 ಡಯೋಡ್ ಇಡದಿದ್ದರೆ ರಿಲೇ ಬಿಡುವಾಗ ಹುಟ್ಟುವ ಏರುವೋಲ್ಟೇಜು ಟ್ರಾನ್ಸಿಸ್ಟರನ್ನು ಕೆಡಿಸುತ್ತದೆ. ರಿಲೇಯ ಸಂಪರ್ಕವನ್ನು ಕೆಂಪು ಗುಂಡಿಯೊಂದಿಗೆ ಸರಣಿಯಾಗಿ ಜೋಡಿಸಿದರೆ ಲ್ಯಾಚ್ ಮೋಟರನ್ನು ನಿಲ್ಲಿಸಬಲ್ಲದು, ಆದರೆ ಚಾಲು ಮಾಡಲಾರದು. ಮೊದಲ ಸಲ ಕಟ್ಟುವವರಿಗೆ ಈ ಜೋಡಣೆಯೇ ಕ್ಷೇಮ. ಸ್ಟಾರ್ಟರ್ ಪೆಟ್ಟಿಗೆಯೊಳಗಿನ 415 ವೋಲ್ಟ್ ಭಾಗವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮಾತ್ರ ಮುಟ್ಟಬೇಕು.