‘ವ್ಯಕ್ತಿ’ ಎಂಬ ನುಡಿಯ ಇತಿಹಾಸ

ಜ್ಞಾನಸ್ನಾನದ ವಿಧಿಯಲ್ಲಿ ಗುರುವು ಹೆತ್ತವರನ್ನು ಮೊದಲು ಕೇಳುವುದು ಮಗುವಿನ ಹೆಸರನ್ನು, ಕುಲವನ್ನಲ್ಲ, ಆಸ್ತಿಯನ್ನಲ್ಲ. ಮಾತೇ ಬಾರದ ಶಿಶುವನ್ನು ಧರ್ಮಸಭೆಯು ಒಬ್ಬ ‘ವ್ಯಕ್ತಿ’ಯೆಂದು ಗಣಿಸುವುದು ಹೇಗೆ? ಈ ನುಡಿ ನಡೆದುಬಂದ ದಾರಿಯನ್ನು ನಾವು ತುಸು ಅವಲೋಕಿಸೋಣ.

ಲತೀನ್ ಭಾಷೆಯ ‘ಪೆರ್ಸೋನ’ ಎಂಬ ಪದಕ್ಕೆ ನಾಟಕದ ಮುಖವಾಡವೆಂಬ ಅರ್ಥವಿತ್ತು. ನಮ್ಮ ಯಕ್ಷಗಾನದವರು ‘ವೇಷ’ ಎನ್ನುವಂತೆ. ಕಳಚಿದರೆ ಮುಗಿಯಿತು! ಇಂತಹ ಪದಕ್ಕೆ ಹೊಸ ಜೀವ ಬಂದುದು ಕ್ರಿಸ್ತರನ್ನು ಕುರಿತ ವಾದವಿವಾದಗಳಲ್ಲಿ. 451ರಲ್ಲಿ ಕಾಲ್ಸೆದೋನಿನ ಮಹಾಸಭೆಯು, ಯೇಸುಕ್ರಿಸ್ತರಲ್ಲಿ ದೈವಸ್ವಭಾವ, ಮಾನವಸ್ವಭಾವ ಎರಡಿದ್ದರೂ ವ್ಯಕ್ತಿ ಒಬ್ಬರೇ ಎಂದು ಸಾರಿತು. ‘ಏನು’ ಎಂಬ ಪ್ರಶ್ನೆ ಬೇರೆ, ‘ಯಾರು’ ಎಂಬ ಪ್ರಶ್ನೆ ಬೇರೆ ಎಂಬುದು ಅಲ್ಲಿ ಸ್ಪಷ್ಟವಾಯಿತು.

ಆರನೆಯ ಶತಮಾನದ ಆರಂಭದಲ್ಲಿ ರೋಮಿನ ಬೋಯೆಥಿಯಸರು ಇದೇ ವಿವಾದವನ್ನು ಕುರಿತು ಬರೆಯುತ್ತ, ವಿವೇಚನೆಯುಳ್ಳ ಸ್ವಭಾವದ ಪ್ರತ್ಯೇಕ ಸತ್ತ್ವವೇ ವ್ಯಕ್ತಿ ಎಂದು ಲಕ್ಷಣ ಹೇಳಿದರು. ಸೆಮಿನರಿಯಲ್ಲಿ ನಾವು ಬಾಯಿಪಾಠ ಮಾಡಿದ್ದು ಇದನ್ನೇ. ಮುಂದೆ ಅವರ ಪದವಿ ಹೋಯಿತು, ಸೆರೆವಾಸ ಬಂದಿತು, ಸುಮಾರು 524ರಲ್ಲಿ ಮರಣದಂಡನೆಯೂ ಆಯಿತು. ವೇಷಗಳೆಲ್ಲ ಕಳಚಿದ ಮೇಲೂ ಉಳಿಯುವವನು ಯಾರೆಂಬುದನ್ನು ಅಷ್ಟು ಕಷ್ಟಪಟ್ಟು ಅರಿತ ತತ್ತ್ವಜ್ಞಾನಿಗಳು ವಿರಳ.

ಹಾಗಾದರೆ ವಿವೇಚನೆ ಇನ್ನೂ ಮೂಡದ ಶಿಶುವಿನ ಗತಿಯೇನು? ಬೋಯೆಥಿಯಸರು ಹೇಳಿದ್ದು ಸ್ವಭಾವವನ್ನು, ಆಯಾ ಕ್ಷಣದ ಸಾಮರ್ಥ್ಯವನ್ನಲ್ಲ. ಆದುದರಿಂದ ನಿದ್ರಿಸುವವನೂ ವ್ಯಕ್ತಿಯೇ, ಮತಿ ಮಸುಕಾದ ವೃದ್ಧೆಯೂ ವ್ಯಕ್ತಿಯೇ. 13ನೆಯ ಶತಮಾನದಲ್ಲಿ ಸಂತ ತೋಮಾಸ್ ಅಕ್ವಿನಾಸರು ಈ ಲಕ್ಷಣವನ್ನು ಸ್ವೀಕರಿಸಿ, ಪ್ರಕೃತಿಯಲ್ಲೆಲ್ಲ ಪರಿಪೂರ್ಣವಾದುದು ವ್ಯಕ್ತಿಯೇ ಎಂದರು.

ಗ್ರಂಥದಲ್ಲಿ ಒಪ್ಪಿದ್ದು ಬಾಳಿನಲ್ಲಿ ಸುಲಭವಾಗಿ ಇಳಿಯಲಿಲ್ಲ. ಅಮೆರಿಕ ಖಂಡದ ಮೂಲನಿವಾಸಿಗಳನ್ನು ಕ್ರೈಸ್ತ ದೊರೆಗಳ ಪ್ರಜೆಗಳೇ ಪಶುಗಳಂತೆ ದುಡಿಸಿದರು. 1537ರಲ್ಲಿ ಜಗದ್ಗುರು ಮೂರನೆಯ ಪೌಲರು, ಅವರು ನಿಜಮಾನವರೆಂದೂ, ಕ್ರೈಸ್ತ ವಿಶ್ವಾಸದ ಹೊರಗಿದ್ದರೂ ಅವರ ಸ್ವಾತಂತ್ರ್ಯವನ್ನಾಗಲಿ ಆಸ್ತಿಯನ್ನಾಗಲಿ ಕಸಿಯಲಾಗದೆಂದೂ ಘೋಷಿಸಿದರು. ‘ಹೊರಗಿದ್ದರೂ’ ಎಂಬುದನ್ನು ನಾವು ವಿಶೇಷವಾಗಿ ಗಮನಿಸಬೇಕು. ಮನುಷ್ಯನ ಘನತೆ ಜ್ಞಾನಸ್ನಾನದಿಂದ ಆರಂಭವಾಗುವುದಿಲ್ಲ. ದೇವರ ಪ್ರತಿರೂಪವಾಗಿ ಸೃಷ್ಟಿಯಾದುದರಿಂದಲೇ ಅದು ಬಂದಿದೆ. ಗುರುವು ಹೆಸರು ಕೇಳುವುದು ಆಗಲೇ ವ್ಯಕ್ತಿಯಾಗಿರುವ ಮಗುವಿನದು.

1550–51ರಲ್ಲಿ ಸ್ಪೇನಿನ ವಯ್ಯಾದೊಲಿದ್ ನಗರದಲ್ಲಿ ಡೊಮಿನಿಕನ್ ಸಭೆಯ ಬಿಷಪ್ ಬಾರ್ತೊಲೊಮೆ ದೆ ಲಾಸ್ ಕಾಸಾಸರು ಮೂಲನಿವಾಸಿಗಳ ಪರವಾಗಿ ಪಂಡಿತರ ಮುಂದೆ ವಾದಿಸಿದರು. ಹಿಂದೊಮ್ಮೆ ಅಲ್ಲಿಗೆ ಆಫ್ರಿಕದ ಗುಲಾಮರನ್ನು ತರಿಸುವಂತೆ ಸಲಹೆಯಿತ್ತವರೂ ಇವರೇ. ತರುವಾಯ ಅದಕ್ಕಾಗಿ ಬಹಳ ಪಶ್ಚಾತ್ತಾಪಪಟ್ಟರು. ಕಥೋಲಿಕರೇ ಬಹುಸಂಖ್ಯಾತರಾಗಿದ್ದ ಬ್ರೆಜಿಲ್ ದೇಶವು ಗುಲಾಮಗಿರಿಯನ್ನು ರದ್ದುಪಡಿಸಿದ್ದು 1888ರಲ್ಲಿ, ಜಗದ್ಗುರುಗಳ ಘೋಷಣೆಯಾಗಿ 351 ವರ್ಷಗಳು ಕಳೆದ ಮೇಲೆ.