ಕಟ್ಟು, ಕಟ್ಟಳೆ, ಕಟ್ಟುಚ್ಚೋರು

ಹೊಸೂರಿನ ಬಳಿಯ ಬಾಗಲೂರಿನ ಗುಲಾಬಿ ಶೆಡ್ಡುಗಳಲ್ಲಿ ಒಂದು ಕಟ್ಟು ಎಂದರೆ 20 ಹೂ. ಕೊಯ್ದು ತಂದ ಕಡ್ಡಿಗಳನ್ನು ಉದ್ದ ನೋಡಿ ಬೇರೆ ಮಾಡಿ, ಮೊಗ್ಗುಗಳ ತಲೆ ಸಮ ಹೊಂದಿಸಿ, ಸುತ್ತ ರಟ್ಟು ಸುತ್ತಿ, ಬುಡಕ್ಕೆ ರಬ್ಬರ್ ಬ್ಯಾಂಡ್ ಹಾಕುತ್ತಾರೆ. ಆ ಕೆಲಸಕ್ಕೆ ಕೂತವರಲ್ಲಿ ಒಬ್ಬರ ಮನೆಮಾತು ಕನ್ನಡ, ಪಕ್ಕದವರದು ತೆಲುಗು, ಎದುರಿನವರದು ತಮಿಳು. ಹೊಸೂರಿನ ಸುತ್ತಮುತ್ತ ಇದು ಎಲ್ಲ ಕಡೆ ಕಾಣುವ ನೋಟ. ಒಂದು, ಒಕಟಿ, ಒಣ್ಣು ಎಂದು ಎಣಿಕೆ ಮೂವರದೂ ಬೇರೆ. ಎಣಿಸುವುದು ಮಾತ್ರ ಮೂವರೂ ಕಟ್ಟನ್ನೇ.

ಇಂಥದೊಂದು ಶೆಡ್ಡಿನ ಲೆಕ್ಕಕ್ಕೆಂದು ನಮ್ಮ ಮಾವನಿಗೆ ಪೈಥಾನ್‌ನಲ್ಲಿ ಸಣ್ಣ ಸ್ಕ್ರಿಪ್ಟ್ ಬರೆದು ಕಳಿಸಿದ್ದೆ. ದಿನಕ್ಕೆ ಎಷ್ಟು ಕಟ್ಟು ಹೋಯಿತು, ಯಾರಿಂದ ಎಷ್ಟು ಬರಬೇಕು, ಅಷ್ಟೆ. ನನ್ನ ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಓಡಿತ್ತು. ಸಂಜೆ ಮಾವನ ಫೋನ್ ಬಂತು: "ಇದನ್ನ ಯಾವುದರಲ್ಲಿ ತೆಗೀಲಿ ಅಂತ ಕಂಪ್ಯೂಟರೇ ನನ್ನನ್ನ ಕೇಳ್ತಾ ಐತಲ್ಲಪ್ಪ, ಏನು ಹೇಳ್ಲಿ?"

ಅಲ್ಲಿ ಪೈಥಾನೇ ಇರಲಿಲ್ಲ. ಇದ್ದಿದ್ದರೂ ಸಾಲುತ್ತಿರಲಿಲ್ಲ. ಎಕ್ಸೆಲ್ ಹಾಳೆ ಬರೆಯಲು ನನ್ನ ಸ್ಕ್ರಿಪ್ಟಿಗೆ ಓಪನ್‌ಪೈಎಕ್ಸೆಲ್ ಎಂಬ ಲೈಬ್ರರಿ ಬೇಕು. ಅದಕ್ಕೆ ಇಟಿ ಎಕ್ಸ್‌ಎಂಎಲ್‌ಫೈಲ್ ಎಂಬ ಇನ್ನೊಂದು ಬೇಕು. ನಾನು ಕಳಿಸಿದ್ದು ಕಟ್ಟಳೆಗಳ ಪಟ್ಟಿಯೊಂದನ್ನೇ.

ಕಟ್ಟಳೆ ಎಂಬ ಮಾತನ್ನು ಬೇಕೆಂದೇ ಬಳಸಿದೆ. ಕನ್ನಡದಲ್ಲಿ ಅದು ರೂಢಿ, ನಿಯಮ. ಬಾಗಲೂರಿನ ಶಾಲೆಯಲ್ಲಿ ತಮಿಳು ಕಲಿತ ಹುಡುಗನಿಗೆ 'ಕಟ್ಟಳೈ' ಎಂದರೆ ಆಜ್ಞೆ. ಕಂಪ್ಯೂಟರಿಗೆ ಕೊಡುವ ಕಮಾಂಡಿಗೂ ತಮಿಳರು ಅದೇ ಪದ ಬಳಸುತ್ತಾರೆ. ಎರಡರ ಬೇರೂ ಕಟ್ಟು.

ಈ ಕ್ರಿಯಾಪದ ದ್ರಾವಿಡ ಭಾಷೆಗಳ ಹಳೆಯ ಆಸ್ತಿ. ಕನ್ನಡ, ತಮಿಳು, ತೆಲುಗು, ಮಲಯಾಳ, ತುಳು, ಎಲ್ಲೆಲ್ಲೂ ಇದೆ. ಹಗ್ಗದಿಂದ ಬಿಗಿಯುವುದು ಮೂಲಾರ್ಥ. ಮನೆಯನ್ನೂ ಕಟ್ಟುತ್ತೇವಲ್ಲ, ಅದು ಹೇಗೆ? ಬಿದಿರು, ಹುಲ್ಲಿನ ಗುಡಿಸಲನ್ನು ಜನ ನಿಜಕ್ಕೂ ಹಗ್ಗ ಹಾಕಿ ಕಟ್ಟುತ್ತಿದ್ದರು. ಕಲ್ಲು ಬಂದ ಮೇಲೂ ಮಾತು ಉಳಿಯಿತು ಎಂಬುದೇ ನನಗೆ ಸರಿಯೆನಿಸುವ ದಾರಿ. ನಮ್ಮ ಶಾಸನಗಳಲ್ಲಿ ಕೆರೆ ಕಟ್ಟಿಸಿದವರಿಗೆ ಲೆಕ್ಕವಿಲ್ಲ. ಹಣೆಗೆ ಚಿನ್ನದ ಪಟ್ಟಿ ಬಿಗಿದು ಅರಸನಿಗೆ ಪಟ್ಟ ಕಟ್ಟಿದರು. ಹಾಡು ಕಟ್ಟಿದರು, ಸುಂಕ ಕಟ್ಟಿದರು, ಕತೆಯನ್ನೂ ಕಟ್ಟಿದರು. ಕಟ್ಟುಕತೆ ಶೆಡ್ಡಿನ ಮೂರು ಭಾಷೆಗಳಲ್ಲೂ ಕಟ್ಟುಕತೆಯೇ.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಓಲೆಗರಿಯ ಕಟ್ಟು. ಒಂದೊಂದು ಗರಿಗೂ ತೂತು, ತೂತಿನೊಳಗೆ ದಾರ, ಮೇಲೆ ಕೆಳಗೆ ಮರದ ಹಲಗೆ, ಹೊರಗೆ ಬಟ್ಟೆ. ದಾರ ಹರಿದರೆ ಗರಿಗಳೆಲ್ಲ ಇರುತ್ತವೆ, ಪುಸ್ತಕ ಇರುವುದಿಲ್ಲ. ಸಂಸ್ಕೃತದ 'ಗ್ರಂಥ'ವೂ ಪೋಣಿಸುವ, ಗಂಟು ಹಾಕುವ ಧಾತುವಿನಿಂದಲೇ ಹುಟ್ಟಿದ್ದು.

ಮಾವನ ತೊಂದರೆಗೆ ಪರಿಹಾರ ಸಿಕ್ಕಿದ್ದು ಮಾತ್ರ ಅತ್ತೆಯ ಮಾತಿನಲ್ಲಿ. "ದಾರೀಲಿ ಊಟ ಸಿಗಲ್ಲ ಅಂತ ಗೊತ್ತಿದ್ದ ಮೇಲೆ ಬುತ್ತಿ ಕಟ್ಟಿ ಕಳಿಸಬೇಕಲ್ವಾ?" ಅವರ ನೆರೆಮನೆಯ ತಮಿಳರ ಬಾಯಲ್ಲಿ ಈ ಬುತ್ತಿ 'ಕಟ್ಟುಚ್ಚೋರು', ಕಟ್ಟಿದ ಅನ್ನ. ತೆಲುಗಿನವರಿಗೆ 'ಸದ್ದಿಮೂಟ'. ಸ್ಕ್ರಿಪ್ಟಿಗೆ ಬೇಕಾಗುವ ಇಂಥ ಲೈಬ್ರರಿಗಳನ್ನು ಡಿಪೆಂಡೆನ್ಸಿ ಎನ್ನುತ್ತಾರೆ. ಅದನ್ನು ಕನ್ನಡದಲ್ಲಿ ಅವಲಂಬನೆ ಎಂದರೆ ಅರ್ಥವೇನೋ ಆಗುತ್ತದೆ. ಅತ್ತೆ ಹೇಳಿದ ಮೇಲೆ ನನಗೆ ಅದು ಹಸಿವಿನಂತೆಯೇ ಕಾಣುತ್ತದೆ. ಅದನ್ನು ನೀಗಿಸುವ ಹೊಣೆ ಹೊರಡಿಸುವವರದು, ದಾರಿಯದಲ್ಲ.

ಪೈಇನ್‌ಸ್ಟಾಲರ್ ಎಂಬ ಉಪಕರಣ ಮಾಡುವುದು ಈ ಬುತ್ತಿಯ ಕೆಲಸವನ್ನೇ. ಸ್ಕ್ರಿಪ್ಟಿನಲ್ಲಿ ಏನೇನು ಆಮದಾಗಿದೆ ಎಂದು ಓದುತ್ತದೆ, ಅವು ಮತ್ತೇನನ್ನು ಕೇಳುತ್ತವೆ ಎಂದು ಬೆನ್ನು ಹತ್ತುತ್ತದೆ, ಕೊನೆಗೆ ಪೈಥಾನನ್ನೇ ಜೊತೆಗಿಟ್ಟು ಒಂದು ಕಡತವಾಗಿ ಬಿಗಿಯುತ್ತದೆ. ಕೆಲವೇ ಕಿಲೋಬೈಟಿನ ಸ್ಕ್ರಿಪ್ಟು ಹಲವು ಮೆಗಾಬೈಟ್ ಆಗುತ್ತದೆ. ಆಗಲಿ, ಬುತ್ತಿಗೆ ಭಾರ ಇದ್ದೇ ಇರುತ್ತದೆ. ವಿಂಡೋಸ್‌ಗೆ ಹೋಗಬೇಕಾದ ಕಟ್ಟನ್ನು ವಿಂಡೋಸ್‌ನಲ್ಲೇ ಕಟ್ಟಬೇಕು. ನನ್ನದು ಲಿನಕ್ಸ್. ಹಾಗಾಗಿ ಭಾನುವಾರ ಬಸ್ಸು ಹತ್ತಿ ಬಾಗಲೂರಿಗೇ ಹೋಗಿ, ಮಾವನ ಕಂಪ್ಯೂಟರಿನಲ್ಲೇ ಕೂತು ಕಟ್ಟಿದೆ. ಅದಕ್ಕಾಗಿಯೇ ಪ್ರತ್ಯೇಕ ಜಾಗ ಮಾಡಿ ಪೈಥಾನ್ ಹಾಕಿಕೊಂಡೆ. ಹಾಗೆ ಮಾಡದಿದ್ದರೆ ಒಂದೇ ಲೈಬ್ರರಿಯ ಹಳೆಯ ಆವೃತ್ತಿ ಒಂದು ಪ್ರೋಗ್ರಾಮಿಗೆ, ಹೊಸದು ಇನ್ನೊಂದಕ್ಕೆ ಬೇಕಾಗಿ ಎರಡೂ ಕಡೆ ಎಳೆದಾಡುವ ಪಾಡಿಗೆ ನಮ್ಮಲ್ಲಿ ಇಕ್ಕಟ್ಟು ಎಂಬ ಪದವಿದೆ.

ಬಳಿಕ ಆ ಪೈಥಾನನ್ನು ತೆಗೆದುಹಾಕಿ, ಕಟ್ಟಿದ ಕಡತವನ್ನಷ್ಟೇ ಉಳಿಸಿ, ಮಾವನ ಕೈಯಿಂದಲೇ ಎರಡು ಸಲ ಒತ್ತಿಸಿದೆ. ತೆರೆಯಿತು.

ಈ ಬಗೆಯ ಒಂಟಿ ಕಡತ ಪ್ರತಿ ಸಲವೂ ತಾತ್ಕಾಲಿಕ ಫೋಲ್ಡರಿನಲ್ಲಿ ತನ್ನೊಳಗಿನದನ್ನೆಲ್ಲ ಹರಡಿಕೊಂಡೇ ಕೆಲಸ ಶುರು ಮಾಡುವುದು. ಆ ಕೆಲವು ಕ್ಷಣ ಪರದೆ ಸುಮ್ಮನಿರುತ್ತದೆ. ಶೆಡ್ಡಿನ ಹುಡುಗ ಅವಸರಪಟ್ಟು ಮತ್ತೆ ಮತ್ತೆ ಒತ್ತಿದರೆ ಮಾವ ಅವನ ಕೈ ಹಿಡಿಯುತ್ತಾರೆ: "ಇರೋ, ಕಟ್ಟು ಬಿಚ್ಕೊಳ್ತಾ ಐತೆ."